ಬಾಯಿ ಬಿಡದ ಬ್ರದರ್

“ಸಹಿ ಹಾಕಪ್ಪ. ಹಾಕಿಬಿಟ್ರೆ ನಿನಗೂ ನೆಮ್ಮದಿ, ನಮಗೂ ನೆಮ್ಮದಿ,” ಎಂದರು ಇನ್‌ಸ್ಪೆಕ್ಟರ್, ಪೆನ್ನಿನ ಮುಚ್ಚಳವನ್ನು ತಾವೇ ತೆಗೆದು ಅವನ ಕೈಯ ಹತ್ತಿರಕ್ಕೆ ಸರಿಸುತ್ತ.

ಅವನು ಪೆನ್ನನ್ನಾಗಲಿ, ಮುಂದಿದ್ದ ಹೇಳಿಕೆಯ ಕಾಗದವನ್ನಾಗಲಿ ಮುಟ್ಟಲಿಲ್ಲ. ಎರಡೂ ಕೈಗಳನ್ನು ಮೇಜಿನ ಮೇಲೆ ಚಾಚಿಟ್ಟುಕೊಂಡು ಕೂತಿದ್ದ. ದಿನವೆಲ್ಲ ತೊಳೆದು ತೊಳೆದು ಬೆರಳ ತುದಿ ಬಿಳಿಚಿಕೊಂಡಿದ್ದ ಕೈಗಳು. ಆಸ್ಪತ್ರೆಯಲ್ಲಿ ಅವನನ್ನು ಎಲ್ಲರೂ ಬ್ರದರ್ ಎನ್ನುತ್ತಿದ್ದರು. ಸಾಯುವ ಹಂತದಲ್ಲಿರುವವರ ವಾರ್ಡಿನ ನರ್ಸು.

“ವಕೀಲರು ಬರಲಿ ಸರ್. ಅಲ್ಲೀವರೆಗೂ ನಾನು ಏನೂ ಹೇಳಲ್ಲ.”

“ಯಾವ ವಕೀಲರು? ಯಾರನ್ನ ಕರೆಸಿದ್ದೀಯ?”

“ಕರೆಸೋಕೇ ಬಿಟ್ಟಿಲ್ವಲ್ಲ ಸರ್. ಮನೆಗೆ ಒಂದು ಫೋನ್ ಮಾಡಿಸಿ. ನನ್ನನ್ನ ಹಿಡಿದಿರೋ ವಿಷಯ ಅಕ್ಕನಿಗೆ ತಿಳಿಸಿ.”

“ತಪ್ಪು ಮಾಡದೆ ಇರೋನಿಗೆ ವಕೀಲ ಯಾಕೆ ಬೇಕು?”

ಮೇಜಿನ ಆ ಕಡೆ, ಇನ್‌ಸ್ಪೆಕ್ಟರ ಪಕ್ಕದಲ್ಲಿ ಕೂತಿದ್ದ ಎಸ್.ಐ. ತನ್ನ ಬೂಟಿನ ತುದಿ ನೋಡಿಕೊಂಡಳು. ಆ ಪ್ರಶ್ನೆಯನ್ನು ತಾನೂ ಎಷ್ಟೋ ಜನರಿಗೆ ಕೇಳಿದ್ದಳು. ಎದುರು ಕೂತವನು ನಿಜಕ್ಕೂ ತಪ್ಪು ಮಾಡಿಲ್ಲದೆ ಇರಬಹುದು ಎಂದು ಅಳುಕುತ್ತ ಅದನ್ನು ಕೇಳಿಸಿಕೊಂಡದ್ದು ಇವತ್ತೇ ಮೊದಲು.

ಬೆಳಿಗ್ಗೆ ಗ್ರಂಥಾಲಯದ ಮುಂದಿನ ಕಲ್ಲುಬೆಂಚಿನ ಹತ್ತಿರ ಅವನನ್ನು ಹಿಡಿದದ್ದು ಅವಳೇ. ಕೈಚೀಲದಲ್ಲಿ ಎರಡು ಡಬ್ಬ ಸಿಕ್ಕಿದ್ದವು. ಒಂದರಲ್ಲಿ ಮೈಗೆ ಅಂಟಿಸುವ ನೋವಿನ ಪಟ್ಟಿ, ಆಸ್ಪತ್ರೆಯ ಸರಕು. ಇನ್ನೊಂದರಲ್ಲಿ ಲೇಬಲ್ ಇಲ್ಲದ, ನೀಲಿ ಕತ್ತಿನ ಇಂಜೆಕ್ಷನ್ ಸೀಸೆಗಳು. ಅಂಥದೇ ಸೀಸೆಯನ್ನು ಆನ್‌ಲೈನಿನಲ್ಲಿ ಕೊಂಡು ಚುಚ್ಚಿಸಿಕೊಂಡ ಇಬ್ಬರು ರೋಗಿಗಳು ಆಗಲೇ ಸತ್ತಿದ್ದರು. ಅದನ್ನು ಮಾರುತ್ತಿದ್ದವನು ಹಂಸ ಎಂಬ ಹೆಸರಿನ ಹಿಂದೆ ಅಡಗಿದ್ದ. ಆ ಹಂಸ ಇವನೇ ಎಂದು ಸಾರಲು ಇನ್‌ಸ್ಪೆಕ್ಟರ್ ಮಧ್ಯಾಹ್ನಕ್ಕೆ ಪತ್ರಕರ್ತರನ್ನು ಕರೆದಿದ್ದರು.

“ನೀನು ಮಾತಾಡಿಸಿ ನೋಡು,” ಎಂದು ಅವಳಿಗೆ ಹೇಳಿ ಇನ್‌ಸ್ಪೆಕ್ಟರ್ ಎದ್ದರು. “ನಿನ್ನ ಹತ್ರ ಚೆನ್ನಾಗೇ ಮಾತಾಡ್ತಿದ್ನಲ್ಲ.”

ಬಾಗಿಲು ಮುಚ್ಚಿತು. ಮೂಲೆಯಲ್ಲಿ ಮಹಿಳಾ ಕಾನ್‌ಸ್ಟೇಬಲ್ ಗೋಡೆಗೆ ಒರಗಿ ನಿಂತಿದ್ದಳು. ಫ್ಯಾನು ಒಂದು ಸುತ್ತಿಗೆ ಒಂದು ಸಲ ಕಿರ್ ಎನ್ನುತ್ತಿತ್ತು.

ಬ್ರದರ್ ಆಗ ಮೊದಲ ಬಾರಿಗೆ ತಲೆಯೆತ್ತಿ ಅವಳನ್ನು ನೋಡಿದ.

“ಅಮ್ಮ ಹೇಗಿದ್ದಾರೆ?” ಎಂದ.

ಚುಚ್ಚಿ ಕೇಳಿದನೋ, ನಿಜವಾಗಿ ಕೇಳಿದನೋ ಅವಳಿಗೆ ತಿಳಿಯಲಿಲ್ಲ. ಮುಖದಲ್ಲಿ ಕೊಂಕಿನ ಗೆರೆಯೂ ಇರಲಿಲ್ಲ.

“ಚೆನ್ನಾಗಿದ್ದಾರೆ,” ಎಂದಳು.

“ನೋವಿಲ್ವಾ?”

“ಇಲ್ಲ.”

“ಒಳ್ಳೇದಾಯ್ತು,” ಎಂದು ಮತ್ತೆ ತಲೆ ತಗ್ಗಿಸಿದ.

ಮುಖಕ್ಕೆ ಉಗಿದಿದ್ದರೆ ಒರೆಸಿಕೊಳ್ಳಬಹುದಿತ್ತು.

ಮನೆಯಲ್ಲಿ ರೋಗಿಗಳನ್ನು ನೋಡಿಕೊಳ್ಳುವವರದ್ದೇ ಒಂದು ಗುಂಪಿತ್ತು ಆನ್‌ಲೈನಿನಲ್ಲಿ. ಮಲಗಿದಲ್ಲೇ ಹುಣ್ಣಾದರೆ ಏನು ಮಾಡಬೇಕು, ನುಂಗಲಾಗದವರಿಗೆ ಹೇಗೆ ಉಣಿಸಬೇಕು ಎಂದು ಬ್ರದರ್ ಅಲ್ಲಿ ಪುರುಸೊತ್ತಾದಾಗಲೆಲ್ಲ ಬರೆಯುತ್ತಿದ್ದ. ಹಂಸ ಗಿರಾಕಿಗಳನ್ನು ಹಿಡಿಯುತ್ತಿದ್ದುದೂ ಅದೇ ಗುಂಪಿನಿಂದ. ಅವಳು ಕಾಯಿಲೆ ತಾಯಿಯ ಮಗಳ ವೇಷದಲ್ಲಿ ಒಳಗೆ ಸೇರಿದ್ದಳು. ಅವನಿಗೆ ಗಾಳ ಹಾಕಿದ್ದಳು.

ಅವನು ಗಾಳ ಕಚ್ಚಿರಲಿಲ್ಲ. ನೋವಿನ ಪಟ್ಟಿ ತಂದುಕೊಡಿ ಎಂದಾಗ ಆಗಲ್ಲ ತಂಗಿ ಎಂದಿದ್ದ. ಅಳುವ ಮುಖದ ಗೊಂಬೆ ಕಳಿಸಿದಾಗ ನೋವಿನ ಚಿಕಿತ್ಸೆಯ ವೈದ್ಯರ ನಂಬರು ಕಳಿಸಿದ್ದ. ವೈದ್ಯರು ಬರಲ್ಲ ಅಂದ್ರು ಎಂದು ಸುಳ್ಳು ಹೇಳಿದರೆ, ನಾನೇ ಅವರಿಗೆ ಹೇಳ್ತೀನಿ ವಿಳಾಸ ಕೊಡಿ ಎಂದಿದ್ದ. ಅಲ್ಲಿಗೇ ಬಿಡಬೇಕಿತ್ತು. ಬಿಡಲಿಲ್ಲ. ಕೆಲಸಕ್ಕೆ ಸೇರಿದ ಮೇಲೆ ಅವಳ ಕೈಗೆ ಬಂದ ಮೊದಲ ದೊಡ್ಡ ಕೇಸು ಅದು.

ಹಾಗೆಂದೇ ತನ್ನ ಅಮ್ಮನನ್ನು ಮಂಚದ ಮೇಲೆ ಮಲಗಿಸಿ, ಸುಳ್ಳೇ ನರಳಿಸಿ ರೆಕಾರ್ಡ್ ಮಾಡಿದ್ದಳು. ಗಟ್ಟಿಮುಟ್ಟಾಗಿದ್ದ ಅಮ್ಮನಿಗೆ ಅದು ತಮಾಷೆ. “ಇಷ್ಟು ಸಾಕಾ, ಇನ್ನೂ ಸ್ವಲ್ಪ ಸಾಯಲಾ?” ಎಂದು ಕೇಳಿ ನಕ್ಕಿದ್ದಳು. ಮಗಳು ನಗೆಯನ್ನು ಕತ್ತರಿಸಿ ನರಳಿಕೆಯನ್ನಷ್ಟೇ ಕಳಿಸಿದ್ದಳು.

ಬಹಳ ಹೊತ್ತಿನ ಮೇಲೆ ಅವನಿಂದ ಉತ್ತರ ಬಂದಿತ್ತು. *ಆಯ್ತು, ತರ್ತೀನಿ. ಅಮ್ಮನಿಗೆ ಹೇಳಿ.*

ನ್ಯಾಯಾಲಯಕ್ಕೆ ಹೋಗುವ ಸಂಭಾಷಣೆಯ ಪ್ರತಿ ಆ ಸಾಲಿನಿಂದಲೇ ಶುರುವಾಗುತ್ತಿತ್ತು. ಹಿಂದಿನದೆಲ್ಲ ಯಾಕೆ, ಸುಮ್ಮನೆ ಗೊಂದಲ ಎಂದಿದ್ದರು ಇನ್‌ಸ್ಪೆಕ್ಟರ್. ಅವಳೂ ಹೌದು ಸರ್ ಎಂದಿದ್ದಳು.

“ನೀವು ಮಾತಾಡ್ಬೇಕಾಗಿಲ್ಲ,” ಎಂದಳು ಈಗ, ದನಿ ತಗ್ಗಿಸಿ. “ಆ ಕಾಗದಕ್ಕೆ ಸಹೀನೂ ಹಾಕ್ಬೇಕಾಗಿಲ್ಲ. ಓದದೆ ಅಂತೂ ಹಾಕ್ಲೇಬೇಡಿ.”

ಮೂಲೆಯಲ್ಲಿದ್ದ ಕಾನ್‌ಸ್ಟೇಬಲ್ ಗೋಡೆ ಬಿಟ್ಟು ನೆಟ್ಟಗೆ ನಿಂತಳು.

ಬ್ರದರ್ ಎಸ್.ಐ.ಯನ್ನು ದಿಟ್ಟಿಸಿದ. “ನಿನ್ನೆ ತನಕ ಮಗಳಾಗಿದ್ರಿ. ಈಗ ಇದು ಯಾವ ಪಾತ್ರ ಮೇಡಂ?”

ಅವಳು ಎದ್ದು ಹೊರಗೆ ಬಂದಳು.

ಪಡಸಾಲೆಯ ತುದಿಯಲ್ಲಿ ರೈಟರ್ ಮಾವನ ಮೇಜು. ಠಾಣೆಯ ಬರವಣಿಗೆ, ವಶಪಡಿಸಿಕೊಂಡ ವಸ್ತುಗಳಿದ್ದ ಬೀರುವಿನ ಬೀಗದಕೈ, ಎಲ್ಲ ಅವನದೇ ಸುಪರ್ದಿ. ಠಾಣೆಗೆಲ್ಲ ಅವನು ಮಾವ. ಅವಳಿಗಂತೂ ಚಿಕ್ಕಂದಿನಿಂದಲೂ ಮಾವನೇ. ಅಪ್ಪನ ಜೊತೆ ಕೆಲಸ ಮಾಡಿದವನು, ಅಪ್ಪ ಹೋದ ಮೇಲೆ ಅವಳ ಶಾಲೆಯ ಸಭೆಗಳಿಗೆಲ್ಲ ಬಂದು ಕೂತವನು. ಈ ಬ್ರದರ್ ಮೇಲೆ ಒಂದು ಕಣ್ಣಿಡು ಎಂದು ಮೊದಲು ಅವಳ ಕಿವಿಗೆ ಹಾಕಿದವನೂ ಅವನೇ.

“ಮಾವ, ಅವರ ಮನೆಗೆ ಹೇಳಿದ್ದೀವಾ?”

“ಹೇಳಿದ್ದೀವಿ ಅಂತ ಬರೆದಾಗಿದೆ ಪುಟ್ಟಿ.”

“ಬರೆದಿದ್ದಲ್ಲ. ಹೇಳಿದ್ದು.”

ಮಾವ ಕನ್ನಡಕದ ಮೇಲಿನಿಂದ ಅವಳನ್ನು ನೋಡಿದ. “ಸಹಿ ಒಂದು ಬೀಳಲಿ, ಆಮೇಲೆ ಊರಿಗೆಲ್ಲ ಹೇಳೋಣ. ಯಾಕೆ ಮುಖ ಹೀಗೆ ಸಣ್ಣಗಾಗಿದೆ? ಬೆಳಿಗ್ಗೆಯಿಂದ ಹೊಟ್ಟೆಗೇನಾದ್ರೂ ಹಾಕ್ಕೊಂಡ್ಯಾ?”

ಅವಳು ಅಂಗಳಕ್ಕಿಳಿದು, ನಿಂತ ಜೀಪಿನ ಮರೆಗೆ ಹೋಗಿ ಆಸ್ಪತ್ರೆಯವರಿಂದ ನಂಬರು ಪಡೆದು, ತನ್ನ ಫೋನಿನಿಂದಲೇ ಬ್ರದರನ ಅಕ್ಕನಿಗೆ ಕರೆ ಮಾಡಿದಳು. ಆ ಹೆಂಗಸು ಅಳಲಿಲ್ಲ, ಕೂಗಾಡಲಿಲ್ಲ. ಎಲ್ಲಿದ್ದಾನೆ, ಹೊಡೆದಿದ್ದೀರಾ ಎಂದು ಎರಡೇ ಪ್ರಶ್ನೆ ಕೇಳಿದಳು. ಆಮೇಲೆ, “ಸಹಿ ಹಾಕಬೇಡ ಅಂತ ಹೇಳಿ. ವಕೀಲಮ್ಮನ್ನ ಕಳಿಸ್ತೀನಿ. ಅವರ ತಂದೆ ಕೊನೆಗಾಲದಲ್ಲಿ ನಮ್ಮ ತಮ್ಮನ ಕೈಯಲ್ಲೇ ಇದ್ದಿದ್ದು,” ಎಂದಳು.

ವಾಪಸ್ಸು ಬಂದಾಗ ಮಾವ ಬಾಗಿಲಲ್ಲೇ ನಿಂತಿದ್ದ.

“ಯಾರಿಗೆ ಫೋನು?”

“ಅವರಕ್ಕನಿಗೆ. ವಕೀಲರನ್ನ ಕಳಿಸ್ತಾರಂತೆ.”

ಮಾವ ಅವಳ ಭುಜ ತಟ್ಟಿದ. “ಒಳ್ಳೇ ಕೆಲಸ ಮಾಡಿದೆ. ನಿಮ್ಮಪ್ಪನೂ ಹೀಗೇ, ಯಾರ ಕಷ್ಟನೂ ನೋಡೋಕಾಗ್ತಿರ್ಲಿಲ್ಲ.” ಹೆಲ್ಮೆಟ್ಟು ಎತ್ತಿಕೊಂಡ. “ನಾನು ಊಟ ಮುಗಿಸ್ಕೊಂಡು ಬರ್ತೀನಿ. ಹೇಳಿಕೆ ಒಳಗೆ ಮೇಜಿನ ಮೇಲೇ ಇದೆ.”

ವಕೀಲಮ್ಮ ಬಂದದ್ದು ಪತ್ರಕರ್ತರಿಗಿಂತ ಮುಂಚೆ. ಕುಳ್ಳಗಿನ ಹೆಂಗಸು, ಕಾಲು ಸ್ವಲ್ಪ ಎಳೆಯುತ್ತಿತ್ತು. ಹೆಗಲ ಚೀಲ ಇಳಿಸುವ ಮೊದಲೇ ನನ್ನ ಕಕ್ಷಿದಾರನ ಜೊತೆ ಒಬ್ಬಳೇ ಮಾತಾಡಬೇಕು ಎಂದಳು. ಇನ್‌ಸ್ಪೆಕ್ಟರ್ ಗೊಣಗಿದರು. “ಗೊಣಗಿ ಪರವಾಗಿಲ್ಲ, ಬಾಗಿಲು ಮಾತ್ರ ಹಾಕ್ಕೊಂಡು ಹೋಗಿ,” ಎಂದು ಒಳಗೆ ಹೋದಳು.

ಹೊರಬಂದವಳೇ ಎಲ್ಲರನ್ನೂ ಮತ್ತೆ ಒಳಗೆ ಕೂರಿಸಿ, ಹೇಳಿಕೆಯ ಕಾಗದ ಕೈಗೆತ್ತಿಕೊಂಡಳು. ತುಟಿ ಅಲ್ಲಾಡಿಸುತ್ತ ಓದಿದಳು. ಓದಿ ಮುಗಿಸಿ ಮತ್ತೆ ಮೇಲಿನಿಂದ ಓದಿದಳು.

“ಇವರು ಇಲ್ಲಿಗೆ ಬಂದ ಮೇಲೆ ಏನೇನು ಹೇಳಿದ್ದಾರೆ ಸರ್?”

“ಹೆಸರು, ಮನೆ ಎಲ್ಲಿ ಅಂತ. ಅಷ್ಟೇ. ವಕೀಲರು, ವಕೀಲರು ಅಂತ ಒಂದೇ ಜಪ.”

“ಬೇರೇನೂ ಬಾಯಿ ಬಿಟ್ಟಿಲ್ಲ?”

“ಅದೇ ಅಲ್ವಾ ನಮ್ಮ ತಲೆನೋವು.”

“ಹಾಗಾದ್ರೆ ಈ ಕಾಗದಕ್ಕೆ ಕನಸು ಬಿತ್ತಾ?” ವಕೀಲಮ್ಮ ಒಂದು ಸಾಲಿನ ಕೆಳಗೆ ಉಗುರಿನಿಂದ ಗೀರಿದಳು. “ಬಸ್ ನಿಲ್ದಾಣದ ಲಾಕರಿನಲ್ಲಿ ನಾನು ಮೊದಲೇ ಬಚ್ಚಿಟ್ಟಿದ್ದ ಇಂಜೆಕ್ಷನ್ ಡಬ್ಬವನ್ನು ಬೆಳಿಗ್ಗೆ ತೆಗೆದುಕೊಂಡು, ಅಂತ ಇದೆ. ಲಾಕರ್ ವಿಷಯ ಯಾರು ಹೇಳಿದ್ರು ನಿಮಗೆ?”

ಇನ್‌ಸ್ಪೆಕ್ಟರ್ ಕಾಗದ ಕಿತ್ತುಕೊಂಡು ನೋಡಿದರು. “ನಮ್ಮೋರು ಹಿಂಬಾಲಿಸಿರ್ತಾರೆ.”

“ಇಲ್ಲ ಸರ್,” ಎಂದಳು ಎಸ್.ಐ. ತನ್ನ ದನಿ ತನಗೇ ದೂರದಿಂದ ಕೇಳಿಸಿದಂತಾಯಿತು. “ನಾವೆಲ್ಲ ಗ್ರಂಥಾಲಯದ ಹತ್ರಾನೇ ಕಾಯ್ತಿದ್ವಿ. ಬಸ್ ನಿಲ್ದಾಣಕ್ಕೆ ಯಾರೂ ಹೋಗಿರ್ಲಿಲ್ಲ.”

“ನೀವು ಹೇಳಿ ಬರೆಸಿದ್ರಾ ಇದನ್ನ?” ವಕೀಲಮ್ಮ ಇನ್‌ಸ್ಪೆಕ್ಟರನ್ನು ಕೇಳಿದಳು.

“ಎರಡು ಡಬ್ಬ ಸಿಕ್ತು, ತಪ್ಪೊಪ್ಪಿಕೊಂಡ ಅಂತ ಬರಿ ಅಂದೆ. ರೈಟರು ಚೂರು ಬೆಳೆಸಿ ಬರೆದಿದ್ದಾರೆ ಅಷ್ಟೆ.”

“ಬಾಯಿ ಬಿಡದೇ ಇರೋನ ಹೆಸರಲ್ಲಿ ತಪ್ಪೊಪ್ಪಿಗೆ. ಅದರ ಲೆಕ್ಕ ಆಮೇಲೆ.” ಅವಳು ಇನ್ನೊಂದು ಕಾಗದ ಎಳೆದುಕೊಂಡಳು. ಎಸ್.ಐ. ತಯಾರಿಸಿದ ಸಂಭಾಷಣೆಯ ಪ್ರತಿ. “ಇದು ಯಾರು ಮಾಡಿದ್ದು?”

“ನಾನು.”

“ಆಯ್ತು, ತರ್ತೀನಿ ಅಂತ ಶುರುವಾಗುತ್ತೆ. ಯಾವ ಮಾತುಕತೆನೂ ಆಯ್ತು ಅಂತ ಶುರುವಾಗೋದನ್ನ ನಾನು ನೋಡಿಲ್ಲ ಮೇಡಂ.”

ಇನ್‌ಸ್ಪೆಕ್ಟರ್ ಎಸ್.ಐ. ಕಡೆ ತಿರುಗಿದರು. ಕಣ್ಣಲ್ಲೇ ಎಚ್ಚರಿಕೆ ಇತ್ತು. ಬ್ರದರ್ ಮಾತ್ರ ಅವಳತ್ತ ನೋಡಲಿಲ್ಲ. ನೋಡಿದ್ದರೆ ಅವಳಿಗೆ ಸುಳ್ಳು ಹೇಳುವುದು ಸುಲಭವಾಗುತ್ತಿತ್ತೋ ಏನೋ.

“ಅದಕ್ಕಿಂತ ಮುಂಚೆ ಇದೆ,” ಎಂದಳು. “ಬಹಳ ಇದೆ. ಅವರು ಆಗಲ್ಲ ಅಂತಾನೇ ಹೇಳ್ತಾ ಬಂದ್ರು. ಡಾಕ್ಟರ್ ನಂಬರ್ ಕೊಟ್ರು. ನಾನೇ ಬಿಡಲಿಲ್ಲ. ಕೊನೆಗೆ ತಾಯಿ ನರಳೋ ಹಾಗಿರೋ ಒಂದು ರೆಕಾರ್ಡಿಂಗ್ ಕೇಳಿಸ್ದೆ.”

“ಯಾಕಮ್ಮ ಕತ್ತರಿಸಿದ್ರಿ?”

“ನಮಗೆ ಅನುಕೂಲ ಆಗೋ ಹಾಗಿರಲಿಲ್ಲ.”

ಇನ್‌ಸ್ಪೆಕ್ಟರ ಕತ್ತು ಕೆಂಪಗಾಗಿತ್ತು.

“ಕಳ್ಳ ಬರ್ತಾನೆ ಅಂತ ಬಾಗಿಲು ತೆಗೆದಿಟ್ಟು ಕಾಯೋದು ಬೇರೆ ಸರ್,” ಎಂದಳು ವಕೀಲಮ್ಮ, ದನಿಯೇರಿಸದೆ. “ದಾರೀಲಿ ಹೋಗ್ತಿದ್ದೋನ ಕೈ ಹಿಡಿದು ಒಳಗೆ ಎಳ್ಕೊಂಡು, ಕಳ್ಳ ಅನ್ನೋದು ಬೇರೆ. ಪಟ್ಟಿ ತಂದಿದ್ದು ತಪ್ಪು. ಸತ್ತ ರೋಗಿ ಮನೆಯವರು ವಾಪಸ್ ಕೊಟ್ಟಿದ್ದನ್ನ ಆಸ್ಪತ್ರೆಗೆ ಒಪ್ಪಿಸದೆ ತಂದ್ರು. ಅದನ್ನ ನ್ಯಾಯಾಧೀಶರ ಮುಂದೆ ಹೇಳ್ತಾರೆ. ಆದ್ರೆ ಇಬ್ಬರ ಪ್ರಾಣ ತೆಗೆದ ಡಬ್ಬ ಇವರದಲ್ಲ. ಅದನ್ನ ತರೋಕೆ ಹೇಳಿದ್ದು ನೀವು ಮೇಡಂ.”

“ನಾನಾ?” ಎಸ್.ಐ. ಎದ್ದೇ ನಿಂತಳು. “ನಾನು ಕೇಳಿದ್ದು ಪಟ್ಟಿ ಮಾತ್ರ. ಇನ್ನೊಂದು ಡಬ್ಬದ ಸುದ್ದೀನೇ ನಾನೆತ್ತಿಲ್ಲ.”

ವಕೀಲಮ್ಮ ಬ್ರದರಿಗೆ ಸನ್ನೆ ಮಾಡಿದಳು. “ಇವರ ಮೊಬೈಲ್ ನಿಮ್ಮ ಹತ್ರ ಸೀಲಾಗಿದೆ. ಪಾಸ್‌ವರ್ಡ್ ಅವರು ನಿಮಗೆ ಹೇಳಲ್ಲ, ಹೇಳಿ ಅಂತ ನೀವೂ ಬಲವಂತ ಮಾಡ್ಬೇಡಿ. ಎಲ್ಲರೆದುರಿಗೆ ಸೀಲ್ ಒಡೀರಿ, ವಿಡಿಯೊ ಮಾಡ್ಕೊಳ್ಳಿ. ಅವರೇ ತೆಗೆದು ಆ ಒಂದು ಸಂಭಾಷಣೆ ತೋರಿಸ್ತಾರೆ. ಮತ್ತೆ ಸೀಲ್ ಮಾಡಿ.”

ಇನ್‌ಸ್ಪೆಕ್ಟರ್ ಮುಂಗೋಪಿಯೇ ಹೊರತು ದಡ್ಡರಲ್ಲ. ಲಾಕರಿನ ಸಾಲು ಅವರನ್ನೂ ಕೊರೆಯತೊಡಗಿತ್ತು. ಸೀಲಾದ ಲಕೋಟೆ ತರಿಸಿದರು. ಕಾನ್‌ಸ್ಟೇಬಲ್ ಕ್ಯಾಮೆರಾ ಹಿಡಿದಳು. ಬ್ರದರ್ ಫೋನ್ ತೆಗೆದು, ಬೆರಳಿನಿಂದ ಮೇಲಕ್ಕೆ ಸರಿಸಿ, ಮೇಜಿನ ಮಧ್ಯೆ ಇಟ್ಟ.

ಎಸ್.ಐ. ಬಗ್ಗಿ ನೋಡಿದಳು. ತನ್ನದೇ ವೇಷದ ಹೆಸರು, ತನ್ನದೇ ಖಾತೆ. ನಿನ್ನೆ ಸಂಜೆ ತಾನು ಬರೆದ ಕೊನೆಯ ಸಾಲು: *ಉಪಕಾರ ಆಯ್ತು ಅಣ್ಣ.* ಅದನ್ನು ಬರೆದು, ಠಾಣೆಯ ಮೊಬೈಲನ್ನು ಅಲ್ಲೇ ಬಿಟ್ಟು ಮನೆಗೆ ಹೋಗಿದ್ದಳು.

ಅದರ ಕೆಳಗೆ ಅವಳು ಬರೆಯದ ಸಾಲುಗಳಿದ್ದವು.

*ಬ್ರದರ್, ಇನ್ನೊಂದು ಸಹಾಯ. ನಮ್ಮ ಸಂಬಂಧಿಕರು ಅಮ್ಮನಿಗೆ ಅಂತ ಒಂದು ಡಬ್ಬ ಬಸ್ ನಿಲ್ದಾಣದ ಲಾಕರಿನಲ್ಲಿ ಇಟ್ಟಿದ್ದಾರೆ. ಅಮ್ಮನ್ನ ಬಿಟ್ಟು ಬರೋಕಾಗ್ತಿಲ್ಲ. ಬರುವಾಗ ಅದನ್ನೂ ತನ್ನಿ.* ಅದರ ಜೊತೆಗೆ ಲಾಕರಿನ ಸಂಖ್ಯೆ. ಬ್ರದರ್ ಹಿಂಜರಿದಿದ್ದ. ಡಬ್ಬದಲ್ಲಿ ಏನಿದೆ ಎಂದು ಕೇಳಿದ್ದ. ಆಮೇಲೆ ಒಂದು ಧ್ವನಿ ಸಂದೇಶ.

ಅವಳು ಅವನನ್ನು ಅಣ್ಣ ಎಂದೇ ಕರೆಯುತ್ತಿದ್ದಳು. ಬ್ರದರ್ ಎಂದು ಒಮ್ಮೆಯೂ ಬರೆದವಳಲ್ಲ. ಠಾಣೆಯ ಆ ಮೊಬೈಲು ಈಗ ಬೀರುವಿನಲ್ಲಿದೆ. ಅದರಲ್ಲಿ ಈ ಸಾಲುಗಳು ಇರಲಿಲ್ಲ. ಬೆಳಿಗ್ಗೆ ಪ್ರತಿ ತೆಗೆಯುವಾಗ ಅವಳೇ ನೋಡಿದ್ದಳು. ಬರೆದವರು ತಮ್ಮ ಕಡೆ ಅಳಿಸಿದ್ದರು. ಅವನ ಫೋನಿನಲ್ಲಿ ಉಳಿದಿತ್ತು.

“ಕೇಳಿಸಿ,” ಎಂದಳು ವಕೀಲಮ್ಮ.

ಬ್ರದರ್ ಒತ್ತಿದ.

“ಪುಣ್ಯಾತ್ಮ, ಆ ಡಬ್ಬಾನೂ ಮರೀಬೇಡಪ್ಪ. ಅದು ಬರದಿದ್ರೆ ನಾನು ಉಳಿಯಲ್ಲ.”

ಎಳೆದೆಳೆದು ಮಾತಾಡಿದ, ದಣಿದ ಹೆಂಗಸಿನ ದನಿ. ಕೋಣೆಯಲ್ಲಿದ್ದವರಿಗೆಲ್ಲ ಅದು ಯಾರೋ ಒಬ್ಬ ಕಾಯಿಲೆಯ ಮುದುಕಿ. ಎಸ್.ಐ.ಗೆ ಮಾತ್ರ ಅದು ತನ್ನಮ್ಮನ ದನಿ. ಮೊದಲ ನರಳಿಕೆ ಯಾರದು ಎಂದು ಅವಳು ಠಾಣೆಯಲ್ಲಿ ಹೇಳಿರಲಿಲ್ಲ. ಎಲ್ಲಿಂದಲೋ ಸಿಕ್ಕಿದ್ದು ಎಂದಿದ್ದಳು. ನಿಜ ಗೊತ್ತಿದ್ದದ್ದು ಮಾವನೊಬ್ಬನಿಗೇ.

“ಒಂದು ನಿಮಿಷ,” ಎಂದು ಪಡಸಾಲೆಗೆ ಬಂದಳು. ಮಾವನ ಕುರ್ಚಿ ಖಾಲಿಯಿತ್ತು. ಮನೆಗೆ ಫೋನು ಮಾಡಿದಳು.

“ಅಮ್ಮ, ಡಬ್ಬ ತಗೊಂಡು ಬಾ ಅಂತ ಯಾರಿಗಾದ್ರೂ ಮಾತಾಡಿ ಕೊಟ್ಯಾ?”

“ಹೂಂ ಕಣೆ, ನಿನ್ನೆ ಸಂಜೆ. ನೀನು ಬರೋಕೆ ಮುಂಚೆ.” ಅಮ್ಮನ ದನಿಯಲ್ಲಿ ಹುರುಪಿತ್ತು. “ನಿಮ್ಮ ಮಾವನೇ ಬಂದು ರೆಕಾರ್ಡ್ ಮಾಡ್ಕೊಂಡು ಹೋದ. ನೀನೇ ಹೇಳಿ ಕಳಿಸಿದ್ದೆ ಅಂದ. ನಿನ್ನ ಹತ್ರ ಕೇಸಿನ ಮಾತು ಎತ್ತಬೇಡ, ಅವಳಿಗೆ ಮೊದಲೇ ಟೆನ್ಷನ್ನು ಅಂತಾನೂ ಅಂದ. ಯಾಕೆ, ಸರಿಯಾಗಿ ಬಂದಿಲ್ವಾ? ಬೇಕಾದ್ರೆ ಇನ್ನೊಂದ್ಸಲ ಮಾಡ್ತೀನಿ. ಅವನೂ ಇಲ್ಲೇ ಇದಾನಲ್ಲ.”

“ಎಲ್ಲಿ?”

“ಇಲ್ಲೇ, ಎದುರಿಗೆ ಕೂತಿದಾನೆ. ಊಟಕ್ಕೆ ಬಂದ. ಕೊಡ್ತೀನಿ ತಾಳು.”

ಫೋನು ಕೈ ಬದಲಾಯಿತು. ಒಂದು ಬಾಗಿಲು ಮೆಲ್ಲಗೆ ಮುಚ್ಚಿಕೊಂಡ ಸದ್ದು. ಅಮ್ಮನ ಪಾತ್ರೆಯ ಸದ್ದು ದೂರವಾಯಿತು.

“ಪುಟ್ಟಿ,” ಎಂದ ಮಾವ. ಅವಳಿಗೆ ಸೈಕಲ್ ಕಲಿಸುವಾಗ ಇದ್ದಷ್ಟೇ ತಾಳ್ಮೆ ಆ ದನಿಯಲ್ಲಿ. “ಆ ದನಿ ಯಾರದು ಅಂತ ಅಲ್ಲಿ ಹೇಳಿದ್ಯಾ?”

ಅವಳು ಕೋಣೆಯ ಕಿಟಕಿಯತ್ತ ಸರಿದಳು.

“ಹೇಳಿಲ್ಲ ಅಲ್ವಾ. ಒಳ್ಳೇದು. ಸಾಯಿಸೋ ಔಷಧಿ ತಗೊಂಡು ಬಾ ಅಂತ ಬಾಯಿ ಬಿಟ್ಟು ಕೇಳಿರೋದು ಒಬ್ಬರೇ ಕಣಮ್ಮ. ಹಿಡೀಬೇಕು ಅಂದ್ರೆ ಮೊದಲು ಯಾರನ್ನ ಹಿಡೀಬೇಕಾಗುತ್ತೆ ಅಂತ ನೀನೇ ಯೋಚನೆ ಮಾಡು. ನಾನು ರೆಕಾರ್ಡ್ ಮಾಡಿದ್ದಕ್ಕೆ ಸಾಕ್ಷಿ ಇಲ್ಲ. ಆ ಮೊಬೈಲು ನಿನ್ನ ಹೆಸರಲ್ಲಿದೆ.”

ಗಾಜಿನ ಕಿಟಕಿಯಾಚೆ ಬ್ರದರ್ ಕಾಣುತ್ತಿದ್ದ. ಕಾನ್‌ಸ್ಟೇಬಲ್ ಕೊಟ್ಟ ನೀರಿನ ಲೋಟವನ್ನು ಎರಡೂ ಕೈಯಲ್ಲಿ ಹಿಡಿದು ಕುಡಿಯುತ್ತಿದ್ದ. ಆ ಕೈಗಳನ್ನು ನೋಡಲಾಗದೆ ಅವಳು ತಿರುಗಿದಳು. ಹಿಂದೆಯೇ ವಕೀಲಮ್ಮ ಬಂದು ನಿಂತಿದ್ದಳು. ಅವಳ ಹೆಗಲ ಮೇಲಿನಿಂದ ಇನ್‌ಸ್ಪೆಕ್ಟರೂ ಇಣುಕುತ್ತಿದ್ದರು.

“ಆ ದನಿ ಕೇಳಿದ ಕೂಡಲೇ ನೀವು ಎದ್ದು ಬಂದ್ರಿ,” ಎಂದಳು ವಕೀಲಮ್ಮ. “ಯಾರದು ಮೇಡಂ ಅದು?”

ಫೋನು ಇನ್ನೂ ಅವಳ ಕಿವಿಯಲ್ಲೇ ಇತ್ತು.

“ನನಗೂ ಕೇಳಿಸ್ತು,” ಎಂದ ಮಾವ. “ಏನು ಹೇಳ್ತೀಯ ಹೇಳು. ಫೋನ್ ಇಡಬೇಡ. ನಿಮ್ಮಮ್ಮ ಬಡಿಸ್ತಾ ಇದಾರೆ, ನಾನು ಇಲ್ಲೇ ಇರ್ತೀನಿ.”